ಬು ಮಿಶಾರಿ ಅಲ್ಲಾಡಿಸದ ಬಟ್ಟಲು

ಕುವೈತಿನಲ್ಲಿ ಕಾಫಿ ಸಾಕು ಎನ್ನಲು ಬಾಯಿ ತೆರೆಯಬೇಕಿಲ್ಲ. ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಮಣಿಕಟ್ಟನ್ನು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿದರೆ ಸುರಿಯುವವನು ಮುಂದಿನವರ ಬಳಿಗೆ ಹೋಗುತ್ತಾನೆ. ಅಲ್ಲಾಡಿಸದಿದ್ದರೆ ಸುರಿಯುತ್ತಲೇ ಇರುತ್ತಾನೆ; ಅದು ಅವನ ಕಸುಬಿನ ಮರ್ಯಾದೆ. ಮಂತ್ರಿಗಳು ಅಲ್ಲಾಡಿಸುತ್ತಾರೆ, ಹಡಗಿನ ಮಾಲೀಕರು ಅಲ್ಲಾಡಿಸುತ್ತಾರೆ, ಮದುಮಗನೂ ನಾಚುತ್ತಾ ಅಲ್ಲಾಡಿಸುತ್ತಾನೆ. ಮೂರನೆಯ ಬಟ್ಟಲು ಮುಗಿದ ಮೇಲೂ ಮಣಿಕಟ್ಟು ಮಿಸುಕದ ಗಂಡಸು ಜಹ್ರಾದಿಂದ ಫಹಾಹೀಲ್‌ವರೆಗೆ ಒಬ್ಬನೇ. ಅವನು ಫೈಹಾ ಬಡಾವಣೆಯಲ್ಲಿ, ಗಂಡಸರು ಸೇರಿ ಹರಟುವ ಪಡಸಾಲೆಯಾದ ನಮ್ಮ ದಿವಾನಿಯದಲ್ಲಿ, ಬಾಗಿಲಿನಿಂದ ನಾಲ್ಕನೆಯ ದಿಂಬಿಗೆ ಒರಗಿ ಕೂರುತ್ತಿದ್ದ. ಹೆಸರು ಬು ಮಿಶಾರಿ.

ಆತನ ಕೀರ್ತಿ ಸಣ್ಣದಲ್ಲ. ಸಾಲ್ಮಿಯಾದ ಒಂದು ಮನೆಯಲ್ಲಿ ಹತ್ತೊಂಬತ್ತು ಬಟ್ಟಲು ಕುಡಿದನಂತೆ, ಮನೆಯೊಡೆಯ ಪಕ್ಕದ ಮನೆಯಿಂದ ಕಾಫಿ ಪಾತ್ರೆ ಕಡ ತರಿಸಿದನಂತೆ. ಸುರಿಯುವವನೊಬ್ಬ ಭುಜ ಉಳುಕಿ ಕೆಲಸ ಬಿಟ್ಟು ಊರಿಗೆ ಹೋದನಂತೆ. ಮುಬಾರಕಿಯಾ ಮಾರುಕಟ್ಟೆಯ ಏಲಕ್ಕಿ ವ್ಯಾಪಾರಿಗಳು ಪ್ರತಿ ಈದ್‌ಗೂ ಅವನ ಆರೋಗ್ಯಕ್ಕಾಗಿ ದುವಾ ಮಾಡುತ್ತಾರಂತೆ. ಈ ಕಥೆಗಳಲ್ಲಿ ಅರ್ಧದಷ್ಟನ್ನು ಹುಟ್ಟಿಸಿದವನು ನಾನೇ, ಹಾಗಾಗಿ ಅವು ಸತ್ಯವೆಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ಎಲ್ಲಕ್ಕಿಂತ ದೊಡ್ಡ ಕಥೆಯನ್ನು ಯಾರೂ ಹುಟ್ಟಿಸಲಿಲ್ಲ, ಅದು ತಾನಾಗಿಯೇ ಎದ್ದು ನಿಂತಿತು: ಬು ಮಿಶಾರಿ ಎಷ್ಟು ಬಟ್ಟಲು ಕುಡಿಯುತ್ತಾನೋ ಮರುದಿನ ಪೇಟೆಯಲ್ಲಿ ಷೇರಿನ ಬೆಲೆ ಅಷ್ಟು ಫಿಲ್ಸ್ ಏರುತ್ತದೆ.

ಈ ಮಹಾಪುರುಷ ಇಪ್ಪತ್ತೆರಡು ವರ್ಷ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಒಂದು ಮೀಟರಿನ ಮುಳ್ಳನ್ನು ನೋಡುತ್ತಾ ಕೂತಿದ್ದವನು. ಮುಳ್ಳು ಕೆಂಪು ಗೆರೆ ದಾಟಿದರೆ ಗಂಟೆ ಒತ್ತಬೇಕಿತ್ತು. ಇಪ್ಪತ್ತೆರಡು ವರ್ಷದಲ್ಲಿ ದಾಟಲಿಲ್ಲ. ಬು ಎಂದರೆ ಅಪ್ಪ, ಆದರೆ ಮಿಶಾರಿ ಎಂಬ ಮಗ ಅವನಿಗೆ ಹುಟ್ಟಲೂ ಇಲ್ಲ; ಮುಂದೆ ಹುಟ್ಟಿಯಾನು ಎಂದು ಹುಡುಗನಾಗಿದ್ದಾಗಲೇ ಇಟ್ಟ ಹೆಸರು ಹಾಗೇ ಉಳಿಯಿತು. ಇದ್ದವಳು ಒಬ್ಬ ಮಗಳು, ಶಾಹಾ, ಮದುವೆಯಾಗಿ ಅಹ್ಮದಿಯಲ್ಲಿದ್ದಳು. ಹೆಂಡತಿ ನೂರಿಯಾ ಎರಡು ಸಾವಿರದ ಮೂರರ ಚಳಿಗಾಲದ ಮೊದಲಲ್ಲಿ, ಹತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು.

ಮೂರು ದಿನ ಸಂತಾಪಕ್ಕೆ ಜನ ಬಂದು ಹೋದರು. ನಾಲ್ಕನೆಯ ದಿನ ಅಸರ್ ನಮಾಜು ಮುಗಿಸಿ ಬು ಮಿಶಾರಿ ಎಂದಿನಂತೆ ದಿವಾನಿಯಕ್ಕೆ ಬಂದ, ಎಂದಿನ ದಿಂಬಿಗೆ ಒರಗಿದ. ನಮ್ಮ ಮುರಾದ್, ಮೂವತ್ತು ವರ್ಷದಿಂದ ಕಾಫಿ ಸುರಿಯುತ್ತಿದ್ದ ಬಲೂಚಿ ಮುದುಕ, ಬಟ್ಟಲು ತುಂಬಿಸಿದ. ಕುಡಿದ. ಮತ್ತೆ ತುಂಬಿಸಿದ. ಮತ್ತೆ ಕುಡಿದ. ಬಟ್ಟಲು ಚಾಚಿದ ಕೈ ಚಾಚಿಯೇ ಇತ್ತು. ಕಣ್ಣು ಎದುರಿನ ಗೋಡೆಯ ಮೇಲೆ, ಅಲ್ಲಿ ಏನೂ ಇರಲಿಲ್ಲ. ಹನ್ನೊಂದಾಯಿತು. ಹೆಂಡತಿಯನ್ನು ಕಳೆದುಕೊಂಡವನಿಗೆ ಸಾಕು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಮರುದಿನ ಬೆಳಿಗ್ಗೆ ಉಫುಕ್ ಹೋಲ್ಡಿಂಗ್ ಎಂಬ ಕಂಪನಿಯ ಷೇರು ಸರಿಯಾಗಿ ಹನ್ನೊಂದು ಫಿಲ್ಸ್ ಏರಿತು.

ಅಷ್ಟು ಸಾಕಾಯಿತು ನಮಗೆ. ಮುಂದಿನ ಐದು ವರ್ಷ ಪೇಟೆ ಹೇಗೂ ಏರುತ್ತಲೇ ಇತ್ತು, ಬು ಮಿಶಾರಿಯೂ ಕುಡಿಯುತ್ತಲೇ ಇದ್ದ. ಲೆಕ್ಕ ತಪ್ಪಿದ ದಿನಗಳನ್ನು ಯಾರೂ ನೆನಪಿಡಲಿಲ್ಲ.

ಪಕ್ಕದ ದಿಂಬಿನವನು ಬು ಜಸ್ಸಾರ್. ತೈಲ ಕಂಪನಿಯ ಲಾರಿ ರಿಪೇರಿ ಮಾಡುತ್ತಿದ್ದವನು. ಗಂಟಲು ಹಾರ್ನಿನದು, ಕೋಪ ಬ್ರೇಕಿಲ್ಲದ್ದು. ನಿವೃತ್ತಿಯ ಹಣ ಹದಿನಾರು ಸಾವಿರ ದಿನಾರನ್ನು ಇಡಿಯಾಗಿ ಉಫುಕ್‌ಗೆ ಸುರಿದಿದ್ದ. ಸಾವಿರ ಫಿಲ್ಸ್ ಸೇರಿದರೆ ಒಂದು ದಿನಾರು; ಷೇರೊಂದಕ್ಕೆ ನಾನೂರು ಫಿಲ್ಸ್‌ಗೆ ಕೊಂಡದ್ದು ಎರಡು ಸಾವಿರದ ಎಂಟರ ಬೇಸಿಗೆಗೆ ಒಂಬೈನೂರಾಗಿತ್ತು. ಉಫುಕ್ ಏನು ಮಾಡುತ್ತದೆ ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಅದಕ್ಕೊಂದು ಗಾಜಿನ ಕಟ್ಟಡವಿತ್ತು, ಅದು ಗೊತ್ತಿತ್ತು.

ದಿವಾನಿಯದ ಒಡೆಯ ಬು ಹಮೂದ್ ಗಣಿತದ ಮೇಷ್ಟ್ರಾಗಿದ್ದವನು. ಅವನ ಬಳಿ ಇದ್ದದ್ದು ಸಿದ್ರಾ ಶೀತಲ ಗೋದಾಮಿನ ಷೇರು. ಹೆಪ್ಪುಗಟ್ಟಿದ ಕೋಳಿ, ಮೀನು, ಬಟಾಣಿ ಇಡುವ ಕಂಪನಿ. ಬೆಲೆ ವರ್ಷಗಟ್ಟಲೆ ಅಲ್ಲಲ್ಲೇ ತೂಕಡಿಸುತ್ತಿತ್ತು, ಆದರೆ ಪ್ರತಿ ಏಪ್ರಿಲ್‌ನಲ್ಲಿ ಷೇರೊಂದಕ್ಕೆ ಮೂವತ್ತು ಫಿಲ್ಸ್ ಆಸುಪಾಸು ಲಾಭಾಂಶ ಕೊಡುತ್ತಿತ್ತು. ಇಬ್ಬರಿಗೂ ವಾರಕ್ಕೊಮ್ಮೆ ಇದೇ ಜಗಳ.

"ಮೂವತ್ತು ಫಿಲ್ಸ್! ಅದಕ್ಕೆ ಒಂದು ಬಟ್ಟಲು ಬೇಯಿಸಿದ ಕಡಲೆಕಾಳೂ ಬರಲ್ಲ ಕಣೋ ಮೇಷ್ಟ್ರೇ," ಎನ್ನುತ್ತಿದ್ದ ಬು ಜಸ್ಸಾರ್.

"ಒಂದು ಷೇರಿಗೆ ಮೂವತ್ತು. ನೀನು ಕಡಲೆಕಾಳು ಒಂದೊಂದೇ ಕಾಳು ಕೊಳ್ತೀಯಾ? ಕೇಳು, ದಡ್ಡ. ಷೇರು ಅಂದ್ರೆ ಕಂಪನಿಯ ಒಂದು ಚೂರು ನಿಂದು ಅಂತ. ಎರಡೂ ಷೇರೇ, ಎರಡರಲ್ಲೂ ನೀನು ಚೂರು ಒಡೆಯನೇ. ಸಿದ್ರಾ ಹಾಲು ಕರೆಯೋ ಒಂಟೆ. ವರ್ಷಕ್ಕೊಮ್ಮೆ ಲಾಭದಲ್ಲಿ ಒಂದು ಪಾತ್ರೆ ಹಾಲು ಮನೆಗೆ ಕಳಿಸುತ್ತೆ. ನಿನ್ನ ಉಫುಕ್ ಓಟದ ಒಂಟೆ. ಹಾಲಿಲ್ಲ. ಲಾಭ ಇದ್ರೂ ಅದಕ್ಕೇ ಮೇವು ಹಾಕ್ತಾರೆ. ಗೆದ್ರೆ ಬೆಲೆ ಏರುತ್ತೆ, ಮಾರಿದಾಗ ಮಾತ್ರ ನಿನ್ನ ಕೈಗೆ ದುಡ್ಡು. ಮಾರೋವರೆಗೂ ಅದು ಬರೀ ಗೊರಸಿನ ಸದ್ದು."

"ಹಾಲಿನ ಒಂಟೆ ನೋಡೋಕೆ ಯಾರಾದ್ರೂ ಮೈದಾನಕ್ಕೆ ಹೋಗ್ತಾರಾ?"

"ಓಟದ ಒಂಟೆ ಕಾಲು ಮುರ್ಕೊಂಡ್ರೆ ಯಾರಾದ್ರೂ ಅದರ ಹಾಲು ಕುಡೀತಾರಾ?"

"ನಿಂದು ಬತ್ತಿದ್ರೆ?"

"ಬತ್ತಬಹುದು," ಎಂದು ಬು ಹಮೂದ್ ಒಪ್ಪುತ್ತಿದ್ದ. ಮೇಷ್ಟ್ರ ಪ್ರಾಮಾಣಿಕತೆ ಅವನನ್ನು ಯಾವ ಜಗಳವನ್ನೂ ಪೂರ್ತಿ ಗೆಲ್ಲಲು ಬಿಡುತ್ತಿರಲಿಲ್ಲ. "ಪ್ರತಿ ವರ್ಷ ಕೊಡ್ತೀವಿ ಅಂತ ಯಾರೂ ಬರೆದುಕೊಟ್ಟಿಲ್ಲ. ಹೋದ ವರ್ಷ ಯಂತ್ರ ಸುಟ್ಟಿತ್ತು, ಇಪ್ಪತ್ತೈದೇ ಕೊಟ್ರು. ಕಂಪನಿ ಮುಳುಗಿದ್ರೆ ಮೊದಲು ಬ್ಯಾಂಕಿನವರು, ಸಾಲ ಕೊಟ್ಟವರು, ಸಂಬಳದವರು. ಕೊನೇಲಿ ಪಾತ್ರೆ ತಳ ಕೆರೆಯೋಕೆ ನಾವು, ಒಡೆಯರು."

ಹಾಲಿನ ಒಂಟೆಗೆ ಬು ಜಸ್ಸಾರ್ ಒಮ್ಮೆ ಮೋಸ ಮಾಡಲೂ ಹೊರಟಿದ್ದ. ಲಾಭಾಂಶಕ್ಕೆ ಹೆಸರು ಬರೆದುಕೊಳ್ಳುವ ದಿನದ ಹಿಂದಿನ ದಿನ ಸಿದ್ರಾ ಕೊಂಡ, ಮರುದಿನ ಮಾರಿದ. ಮೂವತ್ತು ಫಿಲ್ಸ್ ಪುಕ್ಕಟೆ ಎಂದು ಮೀಸೆ ತಿರುವಿದ. ಬೆಲೆ ಸರಿಯಾಗಿ ಮೂವತ್ತು ಫಿಲ್ಸ್ ಇಳಿದಿತ್ತು, ಮೇಲೆ ದಲ್ಲಾಳಿಯ ಪಾಲು ಬೇರೆ. "ಕರೆದ ಮೇಲೆ ಕೆಚ್ಚಲು ಅಷ್ಟೇ ತೂಗುತ್ತೇನೋ ಪುಣ್ಯಾತ್ಮ?" ಎಂದು ಬು ಹಮೂದ್ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅಂದಿನಿಂದ ಸಿದ್ರಾ ಎಂದರೆ ಬು ಜಸ್ಸಾರ್‌ಗೆ ವೈರಿ.

ಈ ಜಗಳ ನಡೆಯುವಾಗೆಲ್ಲ ಬು ಮಿಶಾರಿ ಅಲ್ಲೇ ಇರುತ್ತಿದ್ದ. ಕೇಳುತ್ತಿದ್ದನೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಕ್ಕಾಗ ನಗುತ್ತಿರಲಿಲ್ಲ, ಬೈದಾಗ ತಿರುಗುತ್ತಿರಲಿಲ್ಲ. ಒಮ್ಮೆ ಬಿಸಿ ಕೆಂಡವೊಂದು ಅಗ್ಗಿಷ್ಟಿಕೆಯಿಂದ ಉರುಳಿ ಅವನ ನಿಲುವಂಗಿಯ ಅಂಚಿಗೆ ತಾಗಿತು. ಮುರಾದ್ ಓಡಿ ಬಂದು ತಟ್ಟಿ ಆರಿಸಿದ. ಅವನು ಆ ಕರಿ ತೂತನ್ನು ನೋಡಿ, "ಹೂಂ," ಎಂದ. ಇದನ್ನು ನಾವು ಧೀರತೆ ಎಂದು ಕರೆದೆವು. ಬೆಂಕಿಗೇ ಮಿಸುಕದವನು ಪೇಟೆಗೆ ಮಿಸುಕುತ್ತಾನೆಯೇ?

ಆ ವರ್ಷ ಬು ಜಸ್ಸಾರ್‌ನ ಮಗ ಜಸ್ಸಾರ್‌ಗೆ ಮದುವೆ ನಿಶ್ಚಯವಾಯಿತು. ಹುಡುಗಿಯ ಹೆಸರು ವದ್ಹಾ; ನಾಲ್ಕು ವರ್ಷದಿಂದ ಅವಳ ತಂದೆಯನ್ನು ಒಪ್ಪಿಸುತ್ತಾ ಬಂದಿದ್ದರು. ತಂದೆ ಕೊನೆಗೂ ಒಪ್ಪಿ ಒಂದೇ ಷರತ್ತು ಹಾಕಿದ: ವಧುವಿಗೆ ಕೊಡುವ ಮಹರ್ ಮೂರು ಸಾವಿರ ದಿನಾರು, ನವೆಂಬರ್ ಹದಿನಾಲ್ಕಕ್ಕೆ, ಹಿರಿಯರ ಎದುರಿಗೆ, ಕೈಯಲ್ಲಿ. ದಿನ ತಪ್ಪಿದರೆ ಮಾತು ತಪ್ಪಿದಂತೆ. ರಂಜಾನ್ ಹಬ್ಬ ಮುಗಿದ ವಾರ ಜಸ್ಸಾರ್ ಅಪ್ಪನ ಕಾಲು ಹಿಡಿದ: ಅಪ್ಪಾ, ಒಂದಿಷ್ಟು ಮಾರಿಬಿಡು, ಮೂರು ಸಾವಿರಕ್ಕಾಗುವಷ್ಟು ಮಾತ್ರ.

ಮಾರಬೇಕೋ ಬೇಡವೋ? ಬು ಜಸ್ಸಾರ್ ಆ ಮಧ್ಯಾಹ್ನ ದಿವಾನಿಯಕ್ಕೆ ಬಂದದ್ದು ಅದನ್ನು ತಿಳಿಯಲು. ಬೆಲೆ ಒಂಬೈನೂರರಿಂದ ಎಂಟುನೂರಕ್ಕೆ ಇಳಿದಿತ್ತು, ಮತ್ತೆ ಏರುತ್ತದೆ ಎನ್ನುತ್ತಿದ್ದರು. ನಮ್ಮಲ್ಲಿ ಷೇರು ಕೊಳ್ಳಲೋ ಮಾರಲೋ ಎಂದು ಬು ಮಿಶಾರಿಯನ್ನು ನೇರವಾಗಿ ಕೇಳುವಂತಿಲ್ಲ. ಅದು ಹೆಂಡತಿಯ ವಯಸ್ಸು ಕೇಳಿದ ಹಾಗೆ. ಬು ಜಸ್ಸಾರ್ ಕೂತು, ಗಂಟಲು ಸರಿ ಮಾಡಿಕೊಂಡು, ಚಾವಣಿಗೆ ಹೇಳಿದ:

"ಉಫುಕ್ ಕಟ್ಟಡದ ಗಾಜು ಈ ಬಿಸಿಲಿಗೆ ಏನು ಹೊಳೀತಿದೆ ಅಂತೀರಾ."

ಎಲ್ಲರ ಕಣ್ಣೂ ನಾಲ್ಕನೆಯ ದಿಂಬಿನ ಮೇಲೆ. ಮುರಾದ್ ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಬಟ್ಟಲು ಹಿಡಿದು ರಣರಂಗಕ್ಕೆ ಇಳಿದ.

ಒಂದು. ಎರಡು. ಮೂರು. ಮಣಿಕಟ್ಟು ಮಿಸುಕಲಿಲ್ಲ. ನಾಲ್ಕು. ಐದು. ಬು ಜಸ್ಸಾರ್ ಉಸಿರು ಬಿಟ್ಟ. ಎಂಟು. ಯಾರೋ ಮೂಲೆಯಲ್ಲಿ, "ಸಾಕು ಅಂತಿಲ್ಲ ನೋಡು, ಸಾಕು ಅಂತಿಲ್ಲ," ಎಂದು ಪಿಸುಗುಟ್ಟಿದರು. ಆ ಯಾರೋ ನಾನೇ. ಹನ್ನೊಂದಕ್ಕೆ ಮುರಾದ್ ಗೋಡೆಗೆ ಒರಗಿ ಸುಧಾರಿಸಿಕೊಂಡ. ಹದಿನೈದನೆಯ ಬಟ್ಟಲಿಗೆ ಪಾತ್ರೆಯ ಮೂತಿಯಿಂದ ಎರಡು ಏಲಕ್ಕಿ ಸಿಪ್ಪೆ ಬಿದ್ದವು, ಕಾಫಿ ಬರಲಿಲ್ಲ. ಹಿತ್ತಾಳೆ ಸೋತಿತು, ಮನುಷ್ಯ ಸೋಲಲಿಲ್ಲ. ಬಟ್ಟಲು ಹಿಡಿದ ಕೈ ಇನ್ನೂ ಚಾಚಿಯೇ ಇತ್ತು.

"ಆಯ್ತು," ಎಂದ ಬು ಜಸ್ಸಾರ್ ಎದ್ದು ನಿಂತು, ಆನಂದದಿಂದ. "ಒಂದು ಷೇರೂ ಮಾರಲ್ಲ!"

"ಮೂರು ಸಾವಿರಕ್ಕಾಗುವಷ್ಟಾದ್ರೂ ತೆಗೆದಿಡೋ, ಮಾರಾಯ," ಎಂದ ಬು ಹಮೂದ್.

"ಮೇಷ್ಟ್ರೇ, ನೀನು ಹಾಲು ಕರಿ ಹೋಗು."

ಹತ್ತು ದಿನದಲ್ಲಿ ಉಫುಕ್ ಎಂಟುನೂರರಿಂದ ಐನೂರು, ಐನೂರರಿಂದ ಇನ್ನೂರು. ಮಾರಲು ಹೋದರೆ ಕೊಳ್ಳುವವರೇ ಇಲ್ಲ. ಅಕ್ಟೋಬರ್ ಕೊನೆಗೆ ಅರವತ್ತು ಫಿಲ್ಸ್‌ಗೆ ನಿಂತಿತು; ನಿಂತದ್ದು ಎಂದರೆ ವಹಿವಾಟನ್ನೇ ನಿಲ್ಲಿಸಿದರು. ಗಾಜಿನ ಕಟ್ಟಡ ಬಾಡಿಗೆಯದ್ದು ಎಂದು ಆಗ ತಿಳಿಯಿತು.

ಆ ವಾರ ನಮ್ಮ ದಿವಾನಿಯವನ್ನು ನೋಡಬೇಕಿತ್ತು. ಹನ್ನೆರಡು ಗಂಡಸರು ಹನ್ನೆರಡು ದಿಂಬಿಗೆ ಒರಗಿ ಎದುರಿನ ಗೋಡೆ ನೋಡುತ್ತಾ ಕೂತಿದ್ದರು. ಟೀವಿ ಹಚ್ಚಿತ್ತು, ಯಾರೂ ನೋಡಲಿಲ್ಲ. ಖರ್ಜೂರದ ತಟ್ಟೆ ಬಂದಂತೆಯೇ ಹೋಯಿತು. ಯಾರಿಗೂ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಎಲ್ಲವೂ ಇತ್ತು, ಯಾವುದೂ ತಿಳಿಯುತ್ತಿರಲಿಲ್ಲ. ಮುರಾದ್ ಸುರಿದ, ನಾವು ಕುಡಿದೆವು, ಬಟ್ಟಲು ಅಲ್ಲಾಡಿಸಲು ಮರೆತೆವು. ಬು ಮಿಶಾರಿ ಮೊದಲ ಸಲ ನಮ್ಮ ನಡುವೆ ಗುರುತು ಸಿಗದ ಹಾಗೆ ಬೆರೆತುಹೋದ.

ನವೆಂಬರ್ ಹತ್ತರಂದು ಬು ಜಸ್ಸಾರ್‌ಗೆ ಸೂಜಿಯ ಪ್ರಭಾವ ಇಳಿಯಿತು. "ಅವನ ಬಟ್ಟಲನ್ನ ಅವನ ತಲೆ ಮೇಲೇ ಒಡೀತೀನಿ," ಎಂದು ಬು ಮಿಶಾರಿಯ ಮನೆಗೆ ಹೊರಟ. ಹಿಡಿಯಲು ಬು ಹಮೂದ್ ಓಡಿದ, ನೋಡಲು ನಾನು ಓಡಿದೆ.

ಬಾಗಿಲು ತೆರೆದವಳು ಶಾಹಾ. ಮಂಗಳವಾರ ಬಂದು ಅಪ್ಪನಿಗೆ ಎರಡು ದಿನದ ಅನ್ನ ಮೀನು ಮಾಡಿಟ್ಟು ಹೋಗುತ್ತಿದ್ದಳು. ಆ ವಾರ ಒಂದು ದಿನ ಮುಂಚೆ, ಸೋಮವಾರವೇ ಬಂದಿದ್ದಳು. ಬು ಜಸ್ಸಾರ್ ಅವಳನ್ನು ಬಳಸಿಕೊಂಡು ಒಳಗೆ ನುಗ್ಗಿದ. ಬು ಮಿಶಾರಿ ನಡುಮನೆಯಲ್ಲಿ ಒಂದು ಗಿಡ್ಡ ಮೇಜಿನ ಮುಂದೆ ಕೂತಿದ್ದ.

"ಹದಿನಾಲ್ಕು!" ಎಂದು ಕಿರುಚಿದ ಬು ಜಸ್ಸಾರ್. "ಹದಿನಾಲ್ಕು ಬಟ್ಟಲು ಕುಡಿದ್ಯಲ್ಲೋ! ಒಂದ್ಸಲ, ಒಂದೇ ಒಂದ್ಸಲ ಕೈ ಅಲ್ಲಾಡಿಸಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು? ನಾನು ಮಾರ್ತಿದ್ದೆ! ನನ್ನ ಮಗನ ಮದುವೆ ಆಗ್ತಿತ್ತು! ಯಾಕೆ ಅಲ್ಲಾಡಿಸ್ಲಿಲ್ಲ? ಹೇಳು!"

ಬು ಮಿಶಾರಿ ತಲೆ ಎತ್ತಿದ.

"ಮುರಾದ್ ಹಾಕ್ದ," ಎಂದ. "ಕುಡಿದೆ."

ಐದು ವರ್ಷದ ಶಾಸ್ತ್ರ, ಕೋಷ್ಟಕ, ಭವಿಷ್ಯವಾಣಿ ಎಲ್ಲವೂ ಆ ಎರಡು ಮಾತಿಗೆ ನೆಲಕ್ಕೆ ಬಿತ್ತು. ಬು ಜಸ್ಸಾರ್ ಕುಸಿದು ಕೂತು ಎರಡೂ ಮೊಣಕೈಯನ್ನು ಮೇಜಿನ ಮೇಲೆ ಊರಿ ಮುಖ ಮುಚ್ಚಿಕೊಂಡ. ಲಾರಿ ಮೆಕ್ಯಾನಿಕ್ಕಿನ ತೂಕ. ಮೇಜು ಅವನ ಕಡೆಗೆ ವಾಲಿತು, ಅದರ ಒಂದು ಕಾಲಿನ ಕೆಳಗಿಂದ ಮಡಚಿದ ಕಾಗದದ ಕಟ್ಟೊಂದು ಜಾರಿ ಹೊರಬಂತು. ಬು ಹಮೂದ್ ಬಗ್ಗಿ ಎತ್ತಿಕೊಂಡ. ಐದು ಲಕೋಟೆಗಳು, ಒಂದನ್ನೂ ಒಡೆದಿರಲಿಲ್ಲ. ಮೂಲೆಯಲ್ಲಿ ಬೋರೆ ಮರದ ಹಸಿರು ಮುದ್ರೆ.

"ಸಿದ್ರಾ ಕಂಪನಿದು!" ಮೇಷ್ಟ್ರ ದನಿ ಕೀರಲಾಯಿತು. ಒಂದನ್ನು ಹರಿದ. "ನಿನ್ನ ಹೆಸರಲ್ಲಿ ಹದಿನೆಂಟು ಸಾವಿರದ ನಾನೂರು ಷೇರು ಇದೆಯಲ್ಲೋ! ಗುರುತಿನ ಚೀಟಿ ತಂದು ಲಾಭಾಂಶ ಒಯ್ಯಿರಿ ಅಂತ ಪ್ರತಿ ವರ್ಷ ಬರೆದಿದ್ದಾರೆ. ಐದು ವರ್ಷದ್ದು! ಒಂದನ್ನೂ ತಂದಿಲ್ವಾ?"

"ಷೇರು ಅಮ್ಮ ಕೊಂಡಿದ್ದು," ಎಂದಳು ಶಾಹಾ ಬಾಗಿಲಲ್ಲೇ ನಿಂತು. "ಅಪ್ಪನ ಸಂಬಳದಲ್ಲಿ ಉಳಿಸಿ ಅಪ್ಪನ ಹೆಸರಲ್ಲಿ. ಏಪ್ರಿಲ್ ಬಂದ್ರೆ ಅವಳೇ ಲಕೋಟೆ ಒಡೆದು, ಅಪ್ಪನ್ನ ಕೈ ಹಿಡಿದು ಕರ್ಕೊಂಡು ಹೋಗಿ ಸಹಿ ಹಾಕಿಸ್ತಿದ್ಳು. ಬರುವಾಗ ಮೀನು ತರೋರು." ಅವಳು ಅಪ್ಪನ ಕಡೆ ತಿರುಗಿದಳು. "ಇದನ್ನ ಮೇಜಿನ ಕೆಳಗೆ ಯಾಕಪ್ಪಾ ಇಟ್ಟೆ?"

"ಅಲ್ಲಾಡ್ತಿತ್ತು," ಎಂದ ಬು ಮಿಶಾರಿ.

ಬು ಹಮೂದ್ ಲಕೋಟೆಯ ಹಿಂಬದಿಯಲ್ಲೇ ಕೂಡಿಸಿದ. ಐದು ವರ್ಷ ಸೇರಿ ಷೇರೊಂದಕ್ಕೆ ನೂರೈವತ್ತು ಫಿಲ್ಸ್. ಎರಡು ಸಾವಿರದ ಏಳುನೂರ ಅರವತ್ತು ದಿನಾರು. ಸಿದ್ರಾದ ಬೆಲೆಯೂ ಆ ತಿಂಗಳು ಬಿದ್ದಿತ್ತು, ಚೆನ್ನಾಗಿಯೇ ಬಿದ್ದಿತ್ತು. ಆದರೆ ಕರೆದಿಟ್ಟ ಹಾಲು ಮತ್ತೆ ಕೆಚ್ಚಲಿಗೆ ಹೋಗುವುದಿಲ್ಲ. ಐದು ವರ್ಷ ಅದು ಕಂಪನಿಯ ಕಿಟಕಿಯ ಹಿಂದೆ ಇವನಿಗಾಗಿ ಕಾಯುತ್ತಾ ಕೂತಿತ್ತು.

ಬು ಜಸ್ಸಾರ್ ಆ ಅಂಕಿಯನ್ನು ನೋಡಿ ತಕ್ಷಣ ಬೇರೆ ಕಡೆ ನೋಡಿದ. ಬಡವನಾಗಿದ್ದ, ಭಿಕ್ಷುಕನಾಗಿರಲಿಲ್ಲ.

"ಮದುವೆ ಯಾವಾಗ?" ಎಂದು ಕೇಳಿದ ಬು ಮಿಶಾರಿ.

"ಶುಕ್ರವಾರ ಇತ್ತು," ಎಂದ ಬು ಜಸ್ಸಾರ್.

ಬು ಮಿಶಾರಿ ಲಕೋಟೆಗಳನ್ನು ಬು ಹಮೂದ್‌ನ ಕೈಯಿಂದ ತೆಗೆದುಕೊಂಡು ಬು ಜಸ್ಸಾರ್‌ನ ಮುಂದಿಟ್ಟ. ಕೊಡುವ ಮುಖವೂ ಇರಲಿಲ್ಲ, ಕಳೆದುಕೊಳ್ಳುವ ಮುಖವೂ ಇರಲಿಲ್ಲ. ಉಪ್ಪು ಕೇಳಿದವರಿಗೆ ಉಪ್ಪು ಸರಿಸಿದ ಹಾಗೆ.

"ಬೇಡ, ಬೇಡ," ಎಂದ ಬು ಜಸ್ಸಾರ್, ಕೈ ಲಕೋಟೆಗಳ ಮೇಲೇ ಇತ್ತು. "ನಾನು ನಿನ್ನ ತಲೆ ಒಡೆಯೋಕೆ ಬಂದವನು."

"ಒಡೆದಿಲ್ವಲ್ಲ," ಎಂದಳು ಶಾಹಾ. "ತಗೊಳ್ಳಿ ಚಿಕ್ಕಪ್ಪ. ಅಮ್ಮ ಇದ್ದಿದ್ರೆ ಇಷ್ಟು ಹೊತ್ತಿಗೆ ನಿಮಗೆ ಬೈದು ಕೊಟ್ಟಿರ್ತಿದ್ಳು. ಬೈಗುಳ ನಾನು ಆಮೇಲೆ ಕೊಡ್ತೀನಿ."

ಮರುದಿನ ಬೆಳಿಗ್ಗೆ ಅವಳೇ ಅಪ್ಪನ ಕೈ ಹಿಡಿದು ಸಿದ್ರಾ ಕಚೇರಿಗೆ ಕರೆದೊಯ್ದಳು. ಗುಮಾಸ್ತ ಐದು ಕಡೆ ಸಹಿ ಕೇಳಿದ. ಬು ಮಿಶಾರಿ ತೋರಿಸಿದಲ್ಲೆಲ್ಲ ಹಾಕಿದ. ಕಡಿಮೆ ಬಿದ್ದ ಇನ್ನೂರ ನಲವತ್ತನ್ನು ದಿವಾನಿಯ ಸೇರಿಸಿತು. ಅದರಲ್ಲಿ ನನ್ನದು ನಲವತ್ತು. ಪಿಸುಗುಟ್ಟಿದ್ದಕ್ಕೆ ದಂಡ ಎಂದು ಬು ಹಮೂದ್ ಕಿತ್ತುಕೊಂಡ. ಹೋಟೆಲಿನ ಸಭಾಂಗಣ ರದ್ದಾಗಿ ನಮ್ಮ ಬೀದಿಯಲ್ಲೇ ಡೇರೆ ಎದ್ದಿತು. ಶುಕ್ರವಾರ ಹಿರಿಯರ ಎದುರಿಗೆ ಮೂರು ಸಾವಿರ ದಿನಾರು ಕೈ ಬದಲಾಯಿಸಿತು, ವದ್ಹಾಳ ತಂದೆ ಎರಡು ಸಲ ಎಣಿಸಿ ತಲೆಯಾಡಿಸಿದ.

ಡೇರೆಯೊಳಗೆ ಕಥೆ ಆಗಲೇ ಮರುಜನ್ಮ ಪಡೆದಿತ್ತು. ಓಟದ ಒಂಟೆ ಬೀಳುತ್ತದೆಂದು ಐದು ವರ್ಷ ಮೊದಲೇ ಕಂಡು, ಹಾಲನ್ನು ಮೇಜಿನ ಕೆಳಗೆ ಬಚ್ಚಿಟ್ಟ ಜ್ಞಾನಿ ಎಂದು ಹೊಸ ಸಂಚಿಕೆ. ವದ್ಹಾಳ ಕಡೆಯ ಜನ ಸಾಲುಗಟ್ಟಿ ಬಂದು ಅವನ ಹಣೆಗೆ ಮುತ್ತಿಟ್ಟು ಹೋಗುತ್ತಿದ್ದರು. ಅವನು ಸುಮ್ಮನೆ ಹಣೆ ಕೊಡುತ್ತಿದ್ದ.

ಮುರಾದ್ ಬಂದ. ಡೇರೆಯ ಆಚೆ ತುದಿಯಿಂದ ಇನ್ನೂರು ಜನರಿಗೆ ಸುರಿಯುತ್ತಾ ಬಂದಿದ್ದ, ಕಾಲೆಳೆಯುತ್ತಿದ್ದ. ಬಟ್ಟಲು ತುಂಬಿಸಿದ. ಬು ಮಿಶಾರಿ ಕುಡಿದ. ಎರಡನೆಯದನ್ನು ತುಂಬಿಸಿದ. ಕುಡಿದ. ಒಂದು ಕ್ಷಣ ಬಟ್ಟಲಿನ ಒಳಗೆ ನೋಡಿದ. ಆಮೇಲೆ ಎರಡು ಬೆರಳಲ್ಲಿ ಅದನ್ನು ಹಿಡಿದು ಮಣಿಕಟ್ಟನ್ನು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿದ.

ಮುರಾದ್ ಬಗ್ಗಿಸಿದ್ದ ಪಾತ್ರೆಯನ್ನು ಮೇಲೆತ್ತಿಕೊಂಡ. ಸುದ್ದಿ ಡೇರೆಯಲ್ಲಿ ಸಾಲು ಸಾಲಾಗಿ ಹರಿಯಿತು. ಅಲ್ಲಾಡಿಸಿದ! ಐದು ವರ್ಷದ ಮೇಲೆ, ಎರಡನೇ ಬಟ್ಟಲಿಗೆ! ಕೆಲವರು ಆಗಲೇ ಮೊಬೈಲು ತೆಗೆದು ದಲ್ಲಾಳಿಯ ನಂಬರು ಹುಡುಕುತ್ತಿದ್ದರು. ಬು ಜಸ್ಸಾರ್ ಇನ್ನು ತಡೆಯಲಾರದೆ, ಎಲ್ಲರೆದುರಿಗೆ, ಮರ್ಯಾದೆ ಬಿಟ್ಟು ನೇರವಾಗಿ ಕೇಳಿಯೇಬಿಟ್ಟ:

"ಬು ಮಿಶಾರಿ, ನಿನ್ನ ದಮ್ಮಯ್ಯ, ಏನಾಗುತ್ತೆ ಹೇಳು. ಏನು ಕಂಡೆ? ಎಲ್ಲಾ ಮಾರಿಬಿಡಬೇಕಾ?"

ಬು ಮಿಶಾರಿ ಬಟ್ಟಲನ್ನು ಮುರಾದ್‌ನ ಕೈಗೆ ಕೊಟ್ಟು ಬಾಯಿ ಒರೆಸಿಕೊಂಡ.

"ಕಾಫಿ ಆರಿತ್ತು," ಎಂದ.